ಹಿತ್ತಾಳೆ ಮೊಳೆಯ ಪೆಟ್ಟಿಗೆ

“ಬಣ್ಣ ಬಳಿ, ಹೂಬಳ್ಳಿ ಬರಿ, ಏನಾದ್ರೂ ಮಾಡ್ಕೊ ಅಳಿಯ. ಮೊಳೆ ಮಾತ್ರ ಹೊಡೀಬೇಡ,” ಎಂದಳು ಒಯ್ದಿನ್ ಅಜ್ಜಿ. “ಹೊಡೀಲೇಬೇಕು ಅಂದ್ರೆ ಬಾಯಲ್ಲಿ ಯಾರ ಹೆಸರೂ ಇರಬಾರದು. ನಮ್ಮತ್ತೆ ಒಬ್ಬೊಬ್ಬರ ಹೆಸರು ಹೇಳಿ ಈ ಪೆಟ್ಟಿಗೆಗೆ ಮೊಳೆ ಹೊಡೀತಿದ್ಲು. ಹೊಡೆದ ಗಳಿಗೆಗೆ ಅವರ ಮಾತು ನಿಂತುಹೋಗ್ತಿತ್ತು.”

“ಹಾಗಾದ್ರೆ ನಿಮ್ಮ ಹೆಸರಲ್ಲೂ ಒಂದು ಹೊಡೀಲಾ ಅಜ್ಜಿ? ಮನೆ ತಣ್ಣಗಿರುತ್ತೆ,” ಎಂದು ಎಲ್ಯೋರ್ ಕಣ್ಣು ಮಿಟುಕಿಸಿದ.

ಅಜ್ಜಿ ನಗಲಿಲ್ಲ. ಧೂಪದ ಬಾಣಲಿಯನ್ನು ಪೆಟ್ಟಿಗೆಯ ಸುತ್ತ ಒಮ್ಮೆ ಆಡಿಸಿ ಒಳಗೆ ಹೋದಳು.

ಹಳೆಯ ಬೀರು, ಮೇಜುಗಳನ್ನು ತಂದು ಉಜ್ಜಿ, ಬಣ್ಣ ಕೊಟ್ಟು, ಹೊಸ ಜೀವ ಬರಿಸಿ ಮಾರುವುದು ತಾಷ್ಕೆಂಟಿನ ಎಲ್ಯೋರನ ಕಸುಬು. ಹೆಂಡತಿ ದಿಲ್ನವೋಜ್ ಈ ಅಜ್ಜಿಯ ಮೊಮ್ಮಗಳು. ಅವಳ ತವರಾದ ಕೋಕಂದಿಗೆ ಅವನು ಬಂದದ್ದು ಇದೇ ಮೊದಲು. ಬಂದವನ ಕಣ್ಣಿಗೆ ಕೊಟ್ಟಿಗೆಯ ಮೂಲೆಯ ಈ ಮದುವೆಪೆಟ್ಟಿಗೆ ಬೀಳಬೇಕೆ? ದಿಲ್ನವೋಜ್ ಮದುವೆಮನೆಗಳಲ್ಲಿ ಹಾಡುವವಳು. ಆ ದನಿಗೆ ಮರುಳಾಗಿಯೇ ಅವನು ಅವಳನ್ನು ಕಟ್ಟಿಕೊಂಡದ್ದು. ಮರುದಿನ ಊರಲ್ಲೇ ಒಂದು ಮದುವೆಯಿತ್ತು. ಅಂಗಳದಲ್ಲಿ ಏಪ್ರಿಕಾಟ್ ಒಣಹಾಕುತ್ತ ಅವಳು ಅದರ ಹಾಡುಗಳನ್ನೇ ಗುನುಗುತ್ತಿದ್ದಳು.

ಬೆಳಗಿನಿಂದಲೂ ಗಾಳಿ ಒಂದೆಡೆ ನಿಂತಿರಲಿಲ್ಲ. ಹಿಪ್ಪುನೇರಳೆ ಮರ ಸುಮ್ಮನಿರಲಾರದೆ ತೊನೆಯುತ್ತಿತ್ತು. ಎಲ್ಯೋರ್ ತುಕ್ಕು ತಗಡನ್ನು ಕಿತ್ತ, ನೀಲಿ ಬಳಿದ, ಅಂಚಿಗೆ ಹಿತ್ತಾಳೆಯ ಹೂಮೊಳೆ ಹೊಡೆಯತೊಡಗಿದ. ಪೆಟ್ಟಿಗೆಯ ಹಲಗೆಯಿಂದ ಬಹುಕಾಲ ಮುಚ್ಚಿಟ್ಟ ಬಾಯಿಯ ಕಮಟು ವಾಸನೆ ಎದ್ದಿತು. ಬಾಯಿ ಮುಚ್ಚಿಕೊಂಡು ಕೆಲಸ ಮಾಡುವುದು ಆ ಮಹಾರಾಯನ ಜಾಯಮಾನವೇ ಅಲ್ಲ. ಕೊನೆಯ ಮೊಳೆಗೆ ಸುತ್ತಿಗೆ ಎತ್ತಿದವನೇ ಕೂಗಿದ.

“ದಿಲ್ನವೋಜ್, ಸ್ವಲ್ಪ ಚಹಾ ತಾರೇ.”

ಟಕ್.

ಅಂಗಳದ ಹಾಡು ಅರ್ಧ ಸಾಲಿಗೆ ಕಡಿಯಿತು.

ಅವಳು ಬಾಗಿಲಿಗೆ ಬಂದಳು. ಎರಡೂ ಕೈ ಗಂಟಲ ಮೇಲಿದ್ದವು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಉಸಿರಿನ ಸದ್ದೂ ಬರಲಿಲ್ಲ. ಎಲ್ಯೋರ್ ಮೊದಲು ತಮಾಷೆ ಎಂದುಕೊಂಡ. ಅವಳ ಕಣ್ಣಲ್ಲಿ ನೀರು ಒಡೆದಾಗ ಸುತ್ತಿಗೆ ಬಿಸಾಕಿ ಎದ್ದ.

ಹೊರಗೆ ಧೂಳು ಎದ್ದು ಮಧ್ಯಾಹ್ನಕ್ಕೇ ಕತ್ತಲಾಯಿತು. ಆ ಕತ್ತಲಲ್ಲಿ ಗುನುಗು ಕೇಳಿಸಿತು. ಅದೇ ಹಾಡು. ಅದೇ ದನಿ. ಪೆಟ್ಟಿಗೆಯೊಳಗಿಂದ. ಅವನು ಮುಚ್ಚಳ ತೆರೆದ. ಖಾಲಿ, ನಿಶ್ಶಬ್ದ. ಮುಚ್ಚಿದ. ಮತ್ತೆ ಗುನುಗು. ಅದರ ಅಡಿಯಲ್ಲಿ ಇನ್ನೂ ಎಷ್ಟೋ ಜನ ಒಟ್ಟಿಗೆ ಗೊಣಗುತ್ತಿದ್ದರು.

ಇಕ್ಕಳ ಹಾಕಿ ಮೊಳೆ ಎಳೆದ. ಅಲ್ಲಾಡಲಿಲ್ಲ. ಕಾಲು ಕೊಟ್ಟು ಎಳೆದ. ಅಂಗೈಯ ಚರ್ಮ ಸುಲಿಯಿತು.

“ಅದು ಹಾಗೆ ಬಿಡಲ್ಲಪ್ಪ.” ಅಜ್ಜಿ ಗೋಡೆ ಹಿಡಿದು ನಿಂತಿದ್ದಳು. “ಒಂದು ದನಿ ಬಿಡಬೇಕಾದ್ರೆ ಅದಕ್ಕೆ ಇನ್ನೊಂದು ಬೇಕು. ಇನ್ನೊಬ್ಬರ ಹೆಸರು ಹೇಳಿ ಅದೇ ಮೊಳೆಗೆ ಮತ್ತೊಂದೇಟು ಹಾಕು.”

“ಯಾರ ಹೆಸರು?”

“ನಂದೇ ಹೇಳು. ಈ ವಯಸ್ಸಲ್ಲಿ ನಾನು ಮಾತಾಡಿ ಆಗಬೇಕಾದ್ದೇನಿದೆ. ಹುಡುಗಿ ಹಾಡ್ಲಿ.”

ಅವನಿಗೆ ನಾಚಿಕೆಯಾಯಿತು. ಆದರೂ ಸುತ್ತಿಗೆ ಎತ್ತಿದ. ಹೌದು, ಎತ್ತಿದ. ಒಯ್ದಿನ್ ಎಂಬ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಜ್ಜಿ ಕಣ್ಣು ಮುಚ್ಚಿ, ಮೊಮ್ಮಗಳ ತಲೆ ಎದೆಗೊತ್ತಿಕೊಂಡು, ಮೆಲ್ಲಗೆ ದುವಾ ಹೇಳುತ್ತಿದ್ದಳು. ಇನ್ನು ಸಿಗದ ಮಾತುಗಳನ್ನೆಲ್ಲ ಅವಸರದಲ್ಲಿ ಮುಗಿಸುತ್ತಿರುವಂತಿತ್ತು. ದಿಲ್ನವೋಜ್ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

ಗಾಳಿ ಬಾಗಿಲು ಬಡಿಯಿತು. ಗುನುಗು ಕ್ಷೀಣಿಸುತ್ತಿತ್ತು. ಇನ್ನಷ್ಟು ಕ್ಷೀಣಿಸಿತು. ತಡಮಾಡುವಂತಿರಲಿಲ್ಲ.

“ಎಲ್ಯೋರ್,” ಎಂದ ಅವನು.

ಟಕ್.

ಗಂಟಲೊಳಗೆ ಏನೋ ತಣ್ಣಗೆ ಕಚ್ಚಿಕೊಂಡಿತು. ಪೆಟ್ಟಿಗೆ ಸುಮ್ಮನಾಯಿತು.

“ಅಯ್ಯೋ, ರೀ,” ಎಂದಳು ದಿಲ್ನವೋಜ್. ತನ್ನ ದನಿಗೆ ತಾನೇ ಬೆಚ್ಚಿದಳು. ಅಳುತ್ತಾ ನಗುತ್ತಾ ಓಡಿಬಂದು ಅವನ ಭುಜ ಹಿಡಿದಳು. “ಬಂತು ರೀ, ನನ್ನ ದನಿ ಬಂತು. ನೀವು ಯಾರ ಹೆಸರು ಹೇಳಿದ್ರಿ? ಗಾಳೀಲಿ ಕೇಳಿಸ್ಲೇ ಇಲ್ಲ.”

ಎಲ್ಯೋರ್ ಅವಳ ಮುಖವನ್ನೇ ನೋಡಿದ.

“ಅಜ್ಜಿದು ತಾನೆ? ಅಜ್ಜಿದು ಹೇಳಿಬಿಟ್ರಾ?” ಅವಳ ಹಿಡಿತ ಸಡಿಲಾಯಿತು, ಮೋರೆ ಬಿಗಿಯಿತು. “ಬೇಡ ಅಂತ ನಾನು ಅಷ್ಟು ತಲೆ ಆಡಿಸಿದೆ. ನಿಮಗೆ ಕರುಳು ಅನ್ನೋದೇ ಇಲ್ವಾ? ಬಾಯಿಬಿಟ್ಟು ಹೇಳ್ರಿ.”

“ನಂದಲ್ಲ ಕಣೆ ಮಗಳೇ,” ಎಂದಳು ಹಿಂದಿನಿಂದ ಅಜ್ಜಿ.