ಕರೆಂಟು ಕಂಬಳಿ ಅಂಗಡಿಯ ಮಂಚ

ಅವಳು ಕಣ್ಣು ಬಿಟ್ಟಾಗ ಗಾಜಿನ ಆಚೆ ಇಪ್ಪತ್ತು ಜನ ನಿಂತು ಅವಳನ್ನೇ ನೋಡುತ್ತಿದ್ದರು.

ಅದರಲ್ಲೊಬ್ಬರು ಚಪ್ಪಾಳೆ ಬೇರೆ ಹೊಡೆದರು!

ಮಂಚದ ಪಕ್ಕದಲ್ಲಿ ಅಂಗಡಿಯ ಸೇಲ್ಸ್‌ಮನ್ ನಿಂತಿದ್ದ. ಅವನ ಕೈಯಿಂದ ಒಂದು ಡಬಲ್ ಕಂಬಳಿ ನೆಲದವರೆಗೆ ಜೋತುಬಿದ್ದಿತ್ತು, ಈಗಷ್ಟೇ ನಾಟಕದ ಪರದೆ ಸರಿಸಿದವನ ಹಾಗೆ. ಕೌಂಟರಿನಲ್ಲಿ ಮಾಲೀಕರು ಒಂದಾದ ಮೇಲೊಂದು ಕಂಬಳಿ ಕಟ್ಟಿಕೊಡುತ್ತಿದ್ದರು. ಅವರ ಮೂವತ್ತೆರಡು ಹಲ್ಲೂ ಕಾಣುತ್ತಿದ್ದವು.

ನಾನು... ಇಲ್ಲೇ ನಿದ್ದೆ ಹೋದೆನಾ? ಬಾಯಿ ತೆರೆದುಕೊಂಡು?

ಹೋಗಿದ್ದಳು. ಬರೋಬ್ಬರಿ ಮುಕ್ಕಾಲು ಗಂಟೆ.

ತಪ್ಪು ಅವಳೊಬ್ಬಳದ್ದೇ ಅಲ್ಲ. ಕರೆಂಟು ಕಂಬಳಿ ಕೊಳ್ಳುವವರು ಷೋಕೇಸಿನ ಮಂಚದ ಮೇಲೆ ಹತ್ತು ನಿಮಿಷ ಮಲಗಿ, ಬಿಸಿ ಹಿತವಾಗಿದೆಯೇ ಎಂದು ನೋಡಿಯೇ ಕೊಳ್ಳಬೇಕು ಎನ್ನುವುದು ಆ ಅಂಗಡಿಯ ನಿಯಮ. ಕೊಂಡದ್ದನ್ನು ವಾಪಸು ತರುವವರ ಕಾಟ ತಾಳಲಾರದೆ ಮಾಲೀಕರು ಮಾಡಿದ್ದು. ಆದರೆ ಕೋಳಿ ಕೂಗುವ ಮೊದಲೇ ಬೇಕರಿಯಲ್ಲಿ ಹಿಟ್ಟು ನಾದಲು ನಿಲ್ಲುವ ಹುಡುಗಿಯನ್ನು ಬೆಚ್ಚಗಿನ ಹಾಸಿಗೆಗೆ ಹಾಕಿದರೆ ಇನ್ನೇನಾಗುತ್ತದೆ?

ಅದು ಅವಳ ನಾಲ್ಕನೇ ಭೇಟಿ. ಚಳಿ ಶುರುವಾಯಿತೆಂದರೆ ಅಜ್ಜಿಗೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಅದಕ್ಕೇ ಈ ಓಡಾಟ. ಮೊದಲ ಸಲ ಅವಳು ಆರಿಸಿದ ದೊಡ್ಡ ಕಂಬಳಿಯನ್ನು ಸೇಲ್ಸ್‌ಮನ್ನೇ ಬೇಡ ಅಂದಿದ್ದ, ಒಬ್ಬರಿಗೆ ಅಷ್ಟು ಯಾಕೆ ಎಂದು. ಎರಡನೇ ಸಲ, ವೈರು ಉದ್ದವಾಯಿತು, ಅಜ್ಜಿ ಎಡವುತ್ತಾರೆ ಎಂದ. ಮೂರನೇ ಸಲ, ತಾನಾಗಿಯೇ ಆಫ್ ಆಗುವ ಹೊಸ ಮಾಲು ಬರಲಿ, ಒಂದು ಎತ್ತಿಟ್ಟಿರುತ್ತೇನೆ ಎಂದ.

ಮಾರಲು ನಿಂತು ಮಾರಲೊಲ್ಲದ ಇಂಥ ಮನುಷ್ಯನನ್ನು ಅವಳು ಎಲ್ಲೂ ಕಂಡಿರಲಿಲ್ಲ. ಈ ಸಲ ಬರುವ ಮುಂಚೆ ತಲೆಗೂದಲಿನ ಹಿಟ್ಟನ್ನು ಎರಡೆರಡು ಸಲ ತೊಳೆದುಕೊಂಡಿದ್ದಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಮಾತ್ರ ಮಾಡಿರಲಿಲ್ಲ.

ಅಂಥವನು ತನ್ನನ್ನು ಬೀದಿಗೆಲ್ಲ ತೋರಿಸಿ ವ್ಯಾಪಾರ ಮಾಡಿದನೇ?

"ನನ್ನ ನಿದ್ದೆನ ಜಾಹೀರಾತು ಮಾಡ್ಕೊಂಡ್ರಾ?" ಅವಳು ಮಂಚದಿಂದ ಧಡಕ್ಕನೆ ಇಳಿದಳು.

"ಇಲ್ಲ... ಅದು... ಕಂಬಳಿ ಏನಂದ್ರೆ..."

ಅವನ ಮಾತು ಮುಗಿಯುವಷ್ಟರಲ್ಲಿ ಅವಳು ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಬೀದಿಗಿಳಿದಾಗಿತ್ತು.

ಮುಂದಿನ ಎರಡು ದಿನ ಬೇಕರಿಯ ಹಿಟ್ಟು ಅವಳ ಕೈಯಲ್ಲಿ ಪಟ್ಟ ಪಾಡು ಹಿಟ್ಟಿಗೇ ಗೊತ್ತು. ಕೋಪವಾದರೆ ನಾದಿ ನಾದಿ ಕಳೆದುಕೊಳ್ಳಬಹುದು. ಆದರೆ ಅದು ಬರೀ ಕೋಪವಲ್ಲ, ನಂಬಿದ್ದೆನಲ್ಲಾ ಎನ್ನುವ ಸಂಕಟ. ಅವನನ್ನು ಇನ್ನು ನೋಡುವುದೇ ಇಲ್ಲ ಎಂದು ಗಂಟೆಗೊಮ್ಮೆ ನಿರ್ಧಾರ ಮಾಡುತ್ತಿದ್ದಳು.

ಮೂರನೇ ದಿನ ಅಜ್ಜಿ ಕೋಲು ಹಿಡಿದು ಎದ್ದಳು. ಕರೆಂಟು ಹೊದ್ದುಕೊಂಡು ಮಲಗಲು ತನಗೇನು ತಲೆ ಕೆಟ್ಟಿದೆಯೇ ಎಂದು ತಿಂಗಳಿಂದ ರಂಪ ಮಾಡಿದ್ದ ಅದೇ ಅಜ್ಜಿ! ಮೊಮ್ಮಗಳ ಮಾನ ತೆಗೆದವನನ್ನು ವಿಚಾರಿಸಿಕೊಂಡು ಬರುತ್ತೇನೆ ಎಂದು ಹೊರಟವಳು ಎರಡು ಗಂಟೆಯ ಮೇಲೆ ವಾಪಸಾದಳು. ಕಂಕುಳಲ್ಲಿ ಕಂಬಳಿ, ಕೆನ್ನೆಯ ಮೇಲೆ ದಿಂಬಿನ ಗೆರೆ.

"ನೀನೂ ಮಲಗಿದ್ಯಾ ಅಜ್ಜಿ?"

"ಹೂಂ ಕಣೇ, ಹಾಯಾಗಿತ್ತು. ಪಾಪ, ಆ ಹುಡುಗನ ಕೈ ನೋಡು, ಎತ್ತಕ್ಕೇ ಆಗ್ತಿಲ್ಲ. ಒಂದು ದಾರ ಕಟ್ಟಕ್ಕೂ ಮಾಲೀಕರೇ ಬರ್ಬೇಕಾಯ್ತು."

ಕೈಗೆ ಏನಾಯಿತೆಂದು ಅಜ್ಜಿ ಕೆದಕಿ ಕೆದಕಿ ಕೇಳಿದ್ದಳು. ಮೊಮ್ಮಗಳು ನಿದ್ದೆಗೆ ಜಾರಿದಾಗ ಅವನು ಎಬ್ಬಿಸಲು ಹೋದನಂತೆ. ಇನ್ನೈದೇ ಐದು ನಿಮಿಷ ಎಂದು ಅವಳು ನಿದ್ದೆಗಣ್ಣಲ್ಲೇ ಗೋಗರೆದಳಂತೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಷೋಕೇಸಿಗೆ ಪರದೆಯೂ ಇಲ್ಲ. ಹೋಗಿ ಬರುವವರ ಕಣ್ಣು ಅವಳ ಮೇಲೆ ಬೀಳದಿರಲಿ ಎಂದು ಅವನು ಡಬಲ್ ಕಂಬಳಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ, ಗಾಜಿಗೆ ಅಡ್ಡ ಹಿಡಿದು ನಿಂತ. ಮುಕ್ಕಾಲು ಗಂಟೆ!

ಷೋಕೇಸಿನಲ್ಲಿ ಒಬ್ಬ ಕಂಬಳಿ ಹಿಡಿದು ಅಲುಗಾಡದೆ ನಿಂತರೆ ಯಾರು ತಾನೇ ಸುಮ್ಮನೆ ಹೋಗುತ್ತಾರೆ? ಒಬ್ಬರು ನಿಂತರು, ಹತ್ತಾದರು, ಇಪ್ಪತ್ತಾದರು. ಅವರು ಇಣುಕಿದಷ್ಟೂ ಇವನು ಮೇಲೆತ್ತಿದ. ಕೊನೆಗೆ ತೋಳು ಸೋತು ಕಂಬಳಿ ಜಾರಿತು. ಸರಿಯಾಗಿ ಅದೇ ಗಳಿಗೆಗೆ ಇವಳು ಕಣ್ಣು ಬಿಟ್ಟಿದ್ದಳು.

ಅವಳಿಗೆ ಮೊದಲು ನಗು ಬಂತು. ನಗುತ್ತಾ ನಗುತ್ತಾ ಕಣ್ಣು ತುಂಬಿಕೊಂಡವು.

ನನ್ನನ್ನು ಮುಚ್ಚಿಡಲು ಹೋದವನಿಗೆ ಎಂಥ ಮಾತಾಡಿಬಿಟ್ಟೆ... ಇನ್ನು ಅವನು ನನ್ನ ಮುಖ ನೋಡುತ್ತಾನಾ?

ಮರುದಿನ ಬೇಕರಿ ಕೆಲಸ ಮುಗಿಸಿದವಳೇ ಸೀದಾ ಅಂಗಡಿಗೆ ಹೋದಳು. ಒಳಗೆಲ್ಲ ನೋವಿನೆಣ್ಣೆಯ ವಾಸನೆ. ಅವಳನ್ನು ಕಂಡು ಅವನು ಎದ್ದು ನಿಂತ.

"ತಪ್ಪು ತಿಳ್ಕೊಂಡೆ. ಕ್ಷಮಿಸ್ತೀರಾ?"

"ನೀವ್ಯಾಕೆ... ಬುದ್ಧಿ ಇದ್ದೋನಾಗಿದ್ರೆ ನಾನು ಆವತ್ತು ನಿಮ್ಮನ್ನ ಎಬ್ಬಿಸ್ಬೇಕಿತ್ತು."

"ಯಾಕೆ ಎಬ್ಬಿಸ್ಲಿಲ್ಲ?"

ಅವನು ಮಂಚದ ಕಡೆ ನೋಡುತ್ತಾ ನಿಂತ. "ಬಂದಾಗಲೆಲ್ಲ ನಿಂತಲ್ಲೇ ತೂಕಡಿಸ್ತಿದ್ರಿ. ಒಂದ್ಸಲವಾದ್ರೂ ನೆಮ್ಮದಿಯಾಗಿ ಮಲಗ್ಲಿ ಅನ್ನಿಸ್ತು."

ಚಿಕ್ಕಂದಿನ ನಂತರ ಅವಳ ನಿದ್ದೆಯನ್ನು ಯಾರೂ ಕಾದಿರಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಆಗುವುದಿಲ್ಲ ಎನ್ನಿಸಿತು.

"ನಂಗೊಂದು ಕಂಬಳಿ ಬೇಕು. ಡಬಲ್. ಎರಡು ಕಡೆಗೂ ಬೇರೆ ಬೇರೆ ಸ್ವಿಚ್ ಇರೋದು."

ಅವನ ಮುಖ ಇಳಿದುಹೋಯಿತು. ಅವಳು ಅದನ್ನು ಕಣ್ಣಾರೆ ಕಂಡಳು. ಆದರೂ ಅವನು ತನ್ನ ಕೆಲಸ ಬಿಡಲಿಲ್ಲ. ಕಪಾಟಿನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದ. "ನಿಮ್ಮ... ಮನೆಯವರಿಗೆ ಚಳಿ ಜಾಸ್ತಿನಾ?"

"ಗೊತ್ತಿಲ್ಲ. ಇನ್ನೂ ಕೇಳಿಲ್ಲ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಿಮಗೆ ಚಳಿ ಜಾಸ್ತಿನಾ?"

ಕೌಂಟರಿನಲ್ಲಿ ಮಾಲೀಕರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಎರಡೂ ಕೈ ಎತ್ತಿ ಹೂಂ ಅನ್ಬೇಕು ಅನ್ನಿಸ್ತಿದೆ," ಎಂದ, ಕಣ್ಣು ಒದ್ದೆ ಮಾಡಿಕೊಂಡು. "ಆದ್ರೆ ಎತ್ತಕ್ಕಾಗ್ತಿಲ್ಲ."

"ಎತ್ತೋದೇನೂ ಬೇಡ," ಎಂದಳು ಅವಳು, ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡು. "ಇಲ್ಲೇ ಇರ್ಲಿ."