ಐನೂರು ಅಡಿಯ ಕೆಳಗೆ

ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಸುಮನಾ ಗುಬ್ಬಿ ಊರಿನ ತಮ್ಮ ಮನೆಯ ತಾರಸಿಯಲ್ಲಿ ನಿಂತು ತಲೆಗೂದಲು ಒಣಗಿಸಿಕೊಳ್ಳುತ್ತಿದ್ದಾಗ, ರೈಲು ಹಳಿಯ ಕಡೆಯಿಂದ ಒಂದು ಪುಟ್ಟ ವಿಮಾನ ತೆಂಗಿನ ತಲೆಗಳನ್ನು ಸವರುವಷ್ಟು ಕೆಳಗೆ ಬಂತು. ತಂತಿಯ ಮೇಲಿದ್ದ ಬೆಡ್‌ಶೀಟು ಹಾರಿ ಪಕ್ಕದ ಮನೆಯ ತಾರಸಿಗೆ ಬಿತ್ತು. ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದ ತಾಯಿ ಗಂಗಾಂಬಿಕೆ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡರು.

ಸುಮನಾಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಕುಣಿಗಲ್‌ನಿಂದ ಹುಲಿಯೂರುದುರ್ಗಕ್ಕೆ ಹೋಗುವ ದಾರಿಯಲ್ಲಿ ಒಂದು ಖಾಸಗಿ ರನ್‌ವೇ ಇದೆ. ಅಲ್ಲಿನ ಫ್ಲೈಯಿಂಗ್ ಕ್ಲಬ್ಬಿನ ಆಫೀಸು ನೋಡಿಕೊಳ್ಳುವವಳು ಅವಳೇ. ಯಾವ ವಿಮಾನ ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ರಿಜಿಸ್ಟರಿನಲ್ಲಿ ಬರೆಯುವುದು, ರೇಡಿಯೋದಲ್ಲಿ ಮಾತನಾಡುವುದು ಅವಳ ಕೆಲಸ. ರೇಡಿಯೋಗೆ ಬೇಕಾದ ಲೈಸೆನ್ಸನ್ನೂ ಪರೀಕ್ಷೆ ಬರೆದು ಪಡೆದಿದ್ದಳು. ರೆಕ್ಕೆಯ ಕೆಳಗಿದ್ದ ಅಕ್ಷರಗಳನ್ನು ಒಂದೇ ನೋಟಕ್ಕೆ ಓದಿಕೊಂಡಳು. ಅದು ಅವರ ಕ್ಲಬ್ಬಿನದೇ ವಿಮಾನ.

ಮಂಗಳವಾರ ಸಂಜೆ ಆಫೀಸಿಗೆ ಕರೆಸಿದಾಗ ಬಂದವನು ಡಾಕ್ಟರ್ ಗುರುಪ್ರಕಾಶ್. ತುಮಕೂರಿನ ಎಸ್.ಎಸ್. ಪುರಂನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡವನು, ಪೈಲಟ್ ಲೈಸೆನ್ಸ್ ಪಡೆದು ಇನ್ನೂ ಒಂದು ವರ್ಷವಾಗಿತ್ತಷ್ಟೆ. ಅಂಗಿಯಿಂದ ಲವಂಗದೆಣ್ಣೆಯ ವಾಸನೆ ಬರುತ್ತಿತ್ತು.

"ಊರಿನ ಮೇಲೆ ಎಷ್ಟು ಎತ್ತರ ಇರ್ಬೇಕು ಡಾಕ್ಟ್ರೆ?"

"ಸಾವಿರ ಅಡಿ."

"ಊರಿಲ್ದೆ ಇರೋ ಕಡೆ?"

"ಐನೂರು. ನೆಲ ಆದ್ರೂ ಅಷ್ಟೇ, ನೀರಾದ್ರೂ ಅಷ್ಟೇ." ಶಾಲೆಯ ಹುಡುಗನಂತೆ ಒಪ್ಪಿಸಿ, ಒಂದು ಕ್ಷಣ ಅವಳನ್ನೇ ನೋಡಿದ. "ತಾರಸಿ ಮೇಲೆ ಕೂದಲು ಹರಡ್ಕೊಂಡು ನಿಂತಿದ್ದೋರು ನೀವೇನಾ?"

ಬೈಯಬೇಕಾಗಿದ್ದವಳ ಕಿವಿ ಬಿಸಿಯಾಯಿತು. ಮೋಡ ಕೆಳಗಿತ್ತು, ಹಳಿ ಹಿಡಿದು ಬರುವಾಗ ತಾನೂ ಇಳಿಯಬೇಕಾಯಿತು ಎಂದು ಅವನು ಸಮಜಾಯಿಷಿ ಕೊಟ್ಟ. ಅರ್ಧ ನಿಜ, ಅರ್ಧ ಸುಳ್ಳು ಎಂದು ಅವಳಿಗೆ ಗೊತ್ತಾಯಿತು. ಬರೆದು ಕೊಡಬೇಕಾಗಿದ್ದ ದೂರನ್ನು ಅವಳು ಬರೆಯಲಿಲ್ಲ. ಬಾಯಿಮಾತಿನಲ್ಲಿ ಎಚ್ಚರಿಸಿ ಕಳಿಸಿದಳು.

ಮರುವಾರವೇ ದವಡೆ ನೋವೆಂಬ ನೆಪದಲ್ಲಿ ಅವನ ಕ್ಲಿನಿಕ್ಕಿಗೆ ಹೋದಳು. ನೋವೇನೋ ಇತ್ತು, ಆದರೆ ಗುಬ್ಬಿಯಲ್ಲೂ ಹಲ್ಲಿನ ಡಾಕ್ಟರಿದ್ದರು. ಮಾಸ್ಕಿನ ಮೇಲೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣುಗಳು ನಗುತ್ತಿದ್ದವು. ಅವಳ ಬಾಯಿಗೆ ಹತ್ತಿ ಇಟ್ಟಾದ ಮೇಲೆ ಮೆಲ್ಲಗೆ, "ಈಗ ಒಂದು ಮಾತು ಕೇಳ್ತೀನಿ. ಬೇಡ ಅನ್ನೋಕೆ ನಿಮ್ಗೆ ಆಗಲ್ಲ. ನಂಜೊತೆ ಒಂದು ಕಾಫಿ ಕುಡೀತೀರಾ?" ಎಂದ.

ಅವಳು ಹತ್ತಿ ಕಚ್ಚಿಕೊಂಡೇ ನಕ್ಕಳು. ಹಲ್ಲು ಜುಮ್ಮೆಂದಿತು.

ಅಲ್ಲಿಂದ ಭಾನುವಾರಗಳ ಬಣ್ಣವೇ ಬೇರೆಯಾಯಿತು. ಅವನು ಸಾವಿರ ಅಡಿ ಎತ್ತರದಲ್ಲಿ ಗುಬ್ಬಿಯ ಮೇಲೆ ಬಂದು ಬಲ ರೆಕ್ಕೆಯನ್ನು ಒಮ್ಮೆ ಬಾಗಿಸಿ ಹೋಗುತ್ತಿದ್ದ. ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಅವಳ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ನವೆಂಬರಿನ ಮೊದಲ ಭಾನುವಾರ, ಹಾಗಲವಾಡಿ ಕಡೆಯ ಒಂದು ಕೆರೆಯ ಹೆಸರು ಹೇಳಿ, ಏರಿಯ ಮೇಲೆ ನಿಂತಿರು ಎಂದ. ಅವಳು ಸ್ಕೂಟರಿನಲ್ಲಿ ಹೋಗಿ ನಿಂತಳು. ವಿಮಾನ ಗುಡ್ಡದ ಮರೆಯಿಂದ ಇಳಿದು ನೀರಿನ ಮೇಲೇ ಬಂತು. ಬೆಳ್ಳಕ್ಕಿಗಳು ಚೆಲ್ಲಾಪಿಲ್ಲಿಯಾದವು. ಅವನ ಮುಖ ಕಂಡಿತು. ಆ ಮುಖದಲ್ಲಿ ಅವಳ ಮೇಲಿನ ಪ್ರೀತಿಯಷ್ಟೇ ಅಲ್ಲದೆ ಇನ್ನೂ ಏನೋ ಇತ್ತು, ಹಸಿವಿನ ಹಾಗೆ ಒಂದು ಹೊಳಪು.

ಎತ್ತರ ಇನ್ನೂರು ಅಡಿಗಿಂತ ಹೆಚ್ಚಿರಲಿಲ್ಲ. ಅಂದು ಸಂಜೆ ಆಫೀಸಿಗೆ ಹೋಗಿ ರಿಜಿಸ್ಟರಿನಲ್ಲಿ ಅವಳು ಬರೆದದ್ದು, 'ಸ್ಥಳೀಯ ಹಾರಾಟ. ವಿಶೇಷವಿಲ್ಲ.'

ಹೀಗೆ ಐದು ಭಾನುವಾರ, ಸಲದಿಂದ ಸಲಕ್ಕೆ ಇನ್ನಷ್ಟು ಕೆಳಗೆ. ಪ್ರತಿ ಸಲವೂ ಇನ್ನು ಬೇಡ ಎಂದು ಹೇಳುತ್ತಿದ್ದಳು. ಆ ಬೇಡದಲ್ಲಿ ಬಲವಿಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಐದನೆಯ ಭಾನುವಾರ ಸಂಜೆ ಕೃಷ್ಣಕುಮಾರ್ ಆಫೀಸಿಗೆ ಬಂದರು. ವಾಯುಪಡೆಯಿಂದ ನಿವೃತ್ತರಾಗಿ ಕ್ಲಬ್ಬಿನಲ್ಲಿ ಹಾರಾಟ ಕಲಿಸುತ್ತಿದ್ದವರು, ಕಡಿಮೆ ಮಾತಿನವರು. ಗುರುಪ್ರಕಾಶ್ ಇಳಿಸಿದ ವಿಮಾನದ ಚಕ್ರದ ಸಂದಿಯಿಂದ ಎಳೆದು ತೆಗೆದ ಒಂದು ಎಳೆ ಜೊಂಡುಹುಲ್ಲನ್ನು ಅವಳ ರಿಜಿಸ್ಟರಿನ ಮೇಲಿಟ್ಟರು.

"ಇದು ರನ್‌ವೇಲಿ ಬೆಳೆಯಲ್ಲಮ್ಮ," ಎಂದರು. ಸ್ವಲ್ಪ ತಡೆದು, "ಮೇಲೆ ತಪ್ಪು ಮಾಡಿದ್ರೆ ಸರಿ ಮಾಡ್ಕೊಳ್ಳೋಕೆ ಟೈಮ್ ಇರತ್ತೆ. ಕೆಳಗೆ ಇರಲ್ಲ. ನಾನು ಇಬ್ಬರು ಗೆಳೆಯರನ್ನ ಹಿಂಗೇ ಕಳ್ಕೊಂಡಿದೀನಿ," ಎಂದು ಹೊರಟುಹೋದರು.

ಸುಮನಾ ಆ ಹುಲ್ಲನ್ನು ಗುರುಪ್ರಕಾಶನಿಗೆ ತೋರಿಸಿದಳು. ಅವನ ಮುಖ ಬಿಳಿಚಿಕೊಂಡಿತು. ಚಕ್ರ ಜೊಂಡಿಗೆ ತಾಗಿದ್ದು ಅವನಿಗೇ ಗೊತ್ತಿರಲಿಲ್ಲ. ಇನ್ನು ಮುಂದೆ ಇಲ್ಲ ಎಂದು ಆಣೆ ಮಾಡಿದ. ಡಿಸೆಂಬರ್ ಪೂರ್ತಿ ಆ ಮಾತು ಉಳಿಸಿಕೊಂಡ.

ಜನವರಿ ಕೊನೆಗೆ ಕ್ಲಬ್ಬಿನವರು ವರ್ಷಕ್ಕೊಮ್ಮೆ ಕರಾವಳಿಗೆ ಹಾರುವ ಪದ್ಧತಿ. ಮೂರು ವಿಮಾನ ಘಟ್ಟ ದಾಟಿ ಮಂಗಳೂರಿಗೆ ಹೋಗಿ ಇಳಿದವು. ಮಾರನೆಯ ಬೆಳಿಗ್ಗೆ ದಡದ ಗುಂಟ ಮಲ್ಪೆಯ ತನಕ ಹೋಗಿ ಬರಲು ಸಾವಿರ ಅಡಿಗೆ ಅನುಮತಿ ಸಿಕ್ಕಿತು. ಹೊರಡುವ ಮುಂಚೆ ಕೃಷ್ಣಕುಮಾರ್ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು: ಕಡಲ ಮೇಲೆ ಮರವಿಲ್ಲ, ಮನೆಯಿಲ್ಲ, ಕಣ್ಣಿಗೆ ಅಳತೆ ಸಿಗುವುದಿಲ್ಲ. ಮಂಜು ಕವಿದರೆ ನೀರಿಗೂ ಆಕಾಶಕ್ಕೂ ಒಂದೇ ಬಣ್ಣ. ಕಣ್ಣನ್ನು ನಂಬಬೇಡಿ, ಎತ್ತರ ತೋರಿಸುವ ಮುಳ್ಳನ್ನು ನಂಬಿ.

ಅವರ ವಿಮಾನ ಮುಂದೆ ಹೊರಟಿತು, ಕೊನೆಯದು ಗುರುಪ್ರಕಾಶನದು. ಪಕ್ಕದ ಸೀಟಿನಲ್ಲಿ ಸುಮನಾ.

ಕಾಪು ದೀಪಸ್ತಂಭ ದಾಟುವ ಹೊತ್ತಿಗೆ ಮಂಜು ದಟ್ಟವಾಯಿತು. ಮುಂದಿದ್ದ ಎರಡು ವಿಮಾನಗಳು ಹಾಲಿನಲ್ಲಿ ಕರಗಿದಂತೆ ಮರೆಯಾದವು. ಎಡಕ್ಕೆ ಕಡಲು ತೆಳ್ಳಗೆ ಬೆಳ್ಳಗೆ ಹಾಸಿಕೊಂಡಿತ್ತು. ಇಬ್ಬರೇ ಉಳಿದಂತಾಯಿತು. ಅವನು ಅವಳತ್ತ ತಿರುಗಿ ನಕ್ಕ. ಏನನ್ನೂ ಕೇಳದೆ ವಿಮಾನದ ಮೂಗನ್ನು ಕಡಲ ಕಡೆಗೆ ತಗ್ಗಿಸಿದ.

ಎತ್ತರದ ಮುಳ್ಳು ಏಳುನೂರಕ್ಕೆ ಬಂತು, ಐನೂರಕ್ಕೆ ಬಂತು. ಸಾಕು ಎನ್ನಬೇಕಾದವಳು ಅವಳು. ಕೆಳಗೆ ಅಲೆಯ ನೊರೆ ಮುರಿದು ಮುರಿದು ಬೆಳ್ಳಿಯಾಗುತ್ತಿತ್ತು. ಅಷ್ಟು ಹತ್ತಿರದಿಂದ ಕಡಲನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ.

"ಇನ್ನೊಂಚೂರು," ಎಂದಳು ಸುಮನಾ.

ಮುಳ್ಳು ಇನ್ನೂರಕ್ಕೆ, ಆಮೇಲೆ ನೂರಕ್ಕೆ ಇಳಿಯಿತು. ಅವಳು ಅದನ್ನು ನೋಡಿದ್ದು ಒಂದು ಕ್ಷಣ ಮಾತ್ರ. ತಲೆ ಎತ್ತಿದಾಗ ಮಂಜಿನೊಳಗಿಂದ ಒಂದು ದೋಣಿ ಎದ್ದು ಬಂತು. ಮೂರು ಜನ. ಬಲೆ ಹಿಡಿದು ನಿಂತಿದ್ದವನ ಬಾಯಿ ತೆರೆದದ್ದು ಕಂಡಿತು, ಕೊರಳಿನ ಕಪ್ಪು ದಾರ ಕಂಡಿತು. ಗುರುಪ್ರಕಾಶ್ ವಿಮಾನ ನಡೆಸುವ ಹಿಡಿಯನ್ನು ಎದೆಗೆ ಎಳೆದುಕೊಂಡ. ವಿಮಾನ ನರಳುತ್ತ ಮೇಲೆದ್ದಿತು. ಆ ಮನುಷ್ಯ ಬಲೆಯ ಸಮೇತ ಕಡಲಿಗೆ ಹಾರಿದ್ದು ಸುಮನಾಳ ಕಣ್ಣಿಗೆ ಬಿತ್ತು.

ಸುತ್ತು ಹೊಡೆದು ಬಂದು ನೋಡಿದರು. ಬರೀ ಮಂಜು. ಇನ್ನೊಂದು ಸುತ್ತಿನಲ್ಲಿ ದೋಣಿಯ ಅಂಚು ಕಂಡಿತು, ಇಬ್ಬರು ಬಗ್ಗಿ ನೀರಿನತ್ತ ಕೈ ಚಾಚಿದ್ದರು. ಮತ್ತೆ ಮಂಜು ಮುಚ್ಚಿತು.

"ಯಾರೂ ನಂಬರ್ ನೋಡಿರಲ್ಲ," ಎಂದ ಗುರುಪ್ರಕಾಶ್. ಅದು ಅವನ ದನಿಯಂತೆಯೇ ಇರಲಿಲ್ಲ.

ಸುಮನಾಳ ಮುಂದಿದ್ದ ಹಿಡಿಯಲ್ಲೂ ರೇಡಿಯೋದ ಗುಂಡಿ ಇತ್ತು. ಅವಳ ಹೆಬ್ಬೆರಳು ಅದರ ಮೇಲೆ ಹೋಯಿತು. ಅವನ ಕೈ ಬಂದು ಅವಳ ಕೈಯನ್ನು ಮುಚ್ಚಿ ಹಿಡಿಯಿತು. ಕ್ಲಿನಿಕ್ಕಿನಲ್ಲಿ ಅವಳ ಗದ್ದ ಹಿಡಿದಿದ್ದ ಮೆತ್ತನೆಯ ಕೈ, ಈಗ ಮಂಜುಗಡ್ಡೆಯಾಗಿತ್ತು.

"ಗುರು, ಕೈ ತೆಗಿ."

ಅವನು ತೆಗೆಯಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತ ಕುಳಿತಳು. ಹೆಡ್‌ಫೋನಿನಲ್ಲಿ ಅವನ ಉಸಿರು ಮೂರು ಸಲ ಬಂದು ಹೋದದ್ದು ಕೇಳಿಸಿತು. ಆಮೇಲೆ ಕೈ ಸರಿಯಿತು.

ಅವಳು ಮಂಗಳೂರು ವಿಮಾನ ನಿಲ್ದಾಣದ ಟವರಿಗೆ ಎಲ್ಲವನ್ನೂ ಹೇಳಿದಳು. ಎಲ್ಲಿದ್ದೇವೆ, ದೋಣಿ ಯಾವ ಕಡೆ, ನೀರಿಗೆ ಬಿದ್ದವರು ಒಬ್ಬರು, ಸಹಾಯ ಬೇಕು. ತಮ್ಮ ವಿಮಾನದ ಅಕ್ಷರಗಳನ್ನು ಹೇಳಿದಳು. ಎತ್ತರ ಎಷ್ಟಿತ್ತೆಂದು ಕೇಳಿದಾಗ, ನೂರಡಿ ಎಂದಳು.

ಆ ಮನುಷ್ಯ ಬದುಕಿದ್ದಾನೆಂದು ತಿಳಿದದ್ದು ಮಧ್ಯಾಹ್ನ. ಹೆಸರು ಶೀನ ಮರಕಾಲ. ಕಾಲಿಗೆ ಬಲೆ ಸುತ್ತಿಕೊಂಡಿತ್ತು. ದೋಣಿಯಲ್ಲಿದ್ದ ಇಬ್ಬರು ಮುದುಕರು ಅವನ ತಲೆಯನ್ನು ನೀರಿನ ಮೇಲೆ ಹಿಡಿದಿದ್ದರೇ ಹೊರತು ಎತ್ತಿಕೊಳ್ಳಲು ಅವರಿಂದಾಗಿರಲಿಲ್ಲ. ಕರಾವಳಿ ಕಾವಲು ಪೊಲೀಸರ ದೋಣಿ ಬಂದು ಬಲೆ ಕತ್ತರಿಸಿತು. ಭುಜದ ಮೂಳೆ ಮುರಿದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಮುದುಕರ ಕೈ ಸೋಲುತ್ತಿತ್ತು ಎಂದು ಸುದ್ದಿ ತಂದವರು ಹೇಳಿದರು.

ಸುಮನಾ ವಿಮಾನದ ನೆರಳಿನಲ್ಲೇ ಕುಸಿದು ಕುಳಿತು ಅತ್ತಳು. ಗುರುಪ್ರಕಾಶ್ ದೂರದಲ್ಲಿ ನಿಂತಿದ್ದ. ಹತ್ತಿರ ಬರಲಿಲ್ಲ.

ಅವನ ಲೈಸೆನ್ಸನ್ನು ಆರು ತಿಂಗಳು ಅಮಾನತಿನಲ್ಲಿಟ್ಟರು. ಸುಮನಾ ಕ್ಲಬ್ಬಿಗೆ ತಾನೇ ಪತ್ರ ಬರೆದಳು. ಐದು ಭಾನುವಾರ ರಿಜಿಸ್ಟರಿನಲ್ಲಿ ಬರೆದದ್ದು ಸುಳ್ಳು, ಅಂದು ಕಡಲ ಮೇಲೆ ಇನ್ನೂ ಇಳಿಸು ಎಂದವಳೂ ನಾನೇ ಎಂದು ಒಪ್ಪಿಕೊಂಡಳು. ರಿಜಿಸ್ಟರ್ ಅವಳ ಕೈತಪ್ಪಿತು. ಬಿಡಿಭಾಗಗಳ ಸ್ಟೋರಿನಲ್ಲಿ ಕೂರಿಸಿದರು.

ನಲವತ್ತು ದಿನ ಅವನಿಂದ ಫೋನ್ ಬರಲಿಲ್ಲ. ಅವಳೂ ಮಾಡಲಿಲ್ಲ. ಗಂಗಾಂಬಿಕೆಗೆ ಎಲ್ಲ ಗೊತ್ತಿತ್ತು. ಒಂದು ಬೆಳಿಗ್ಗೆ ಮಗಳ ತಟ್ಟೆಗೆ ಇಡ್ಲಿ ಬಡಿಸುತ್ತ, "ಕೈ ತೆಗಿ ಅಂದಾಗ ತೆಗೆದ್ನಲ್ಲ ಕಣೇ. ಅದನ್ನೂ ಲೆಕ್ಕಕ್ಕೆ ತಗೋ," ಎಂದಷ್ಟೇ ಅಂದರು.

ಮಾರ್ಚಿನ ಒಂದು ಭಾನುವಾರ ಮಧ್ಯಾಹ್ನ ಅವನು ಕ್ಲಬ್ಬಿಗೆ ಬಂದ. ಕಾರಿರಲಿಲ್ಲ. ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಇಬ್ಬರೂ ರನ್‌ವೇ ಬದಿಯ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ನಡುವೆ ಒಂದು ಮೊಳ ಜಾಗ ಬಿಟ್ಟು ಕುಳಿತರು.

ಪ್ರತಿ ಶನಿವಾರ ಶೀನ ಮರಕಾಲನ ಮನೆಗೆ ಹೋಗಿ ಬರುತ್ತಿದ್ದೇನೆಂದು ಹೇಳಿದ. ಮೊದಲ ಸಲ ಬಾಗಿಲು ತೆಗೆಯಲಿಲ್ಲವಂತೆ. ಎರಡನೆಯ ಸಲ ಹೆಂಡತಿ ಒಂದು ಲೋಟ ನೀರು ಕೊಟ್ಟಳು, ಮಾತಾಡಲಿಲ್ಲ. ಮೂರನೆಯ ಸಲ ಶೀನನೇ ಹೊರಗೆ ಬಂದು, ಎತ್ತಲಾಗದ ತೋಳನ್ನು ತೋರಿಸಿದ. ನಿನ್ನೆ ಮಾತ್ರ ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ: ರೇಡಿಯೋದಲ್ಲಿ ಹೇಳಿದ ಆ ಹೆಣ್ಣುಮಗಳು ಯಾರು?

"ಏನಂದೆ?" ಎಂದಳು ಸುಮನಾ.

"ನನ್ ಬಾಯಿಂದ ಉತ್ತರ ಬರ್ಲಿಲ್ಲ." ಅವನು ನೆಲ ನೋಡುತ್ತಿದ್ದ. "ಕೆಳಗೆ ಹೋಗಿದ್ದು ತಪ್ಪು ಅಂತ ಎಲ್ರೂ ಅಂತಾರೆ. ಅದು ಹೌದು. ಆದ್ರೆ ನಂಗೆ ನಿದ್ದೆ ಬರ್ದೆ ಇರೋದು ಅದಕ್ಕಲ್ಲ. ನಿನ್ ಕೈ ಮೇಲೆ ಕೈ ಇಟ್ನಲ್ಲ, ಅದಕ್ಕೆ. ನೀನಿರ್ದಿದ್ರೆ ನಾನು ಸುಮ್ನೆ ವಾಪಸ್ ಬಂದ್ಬಿಡ್ತಿದ್ದೆ, ಸುಮನಾ. ನಾನು ಅಂಥೋನು ಅಂತ ನಂಗೆ ಗೊತ್ತಿರ್ಲಿಲ್ಲ."

"ಇನ್ನೊಂಚೂರು ಅಂದೋಳು ನಾನು."

"ಅದನ್ನ ನಾನು ಹೇಳಿಕೇಲಿ ಬರೆದಿಲ್ಲ."

"ನಾನು ಬರ್ದಿದೀನಿ."

ಅವನು ತಲೆಯೆತ್ತಿ ನೋಡಿದ. ನಲವತ್ತು ದಿನಗಳ ಮೇಲೆ ಆ ಕಣ್ಣುಗಳಲ್ಲಿ ಏನೋ ಅಲುಗಾಡಿತು. ನಗುವೆಂದು ಅವಳು ಅಂದುಕೊಳ್ಳುವಷ್ಟರಲ್ಲಿ ನೀರಾಗಿ ಇಳಿಯಿತು. ಬಿಟ್ಟಿದ್ದ ಒಂದು ಮೊಳ ಜಾಗ ಆಗ ಉಳಿಯಲಿಲ್ಲ. ಯಾರು ಮೊದಲು ಸರಿದರೆಂದು ಆಮೇಲೆ ಇಬ್ಬರಿಗೂ ನೆನಪಿರಲಿಲ್ಲ.

ಮುಂದಿನ ಶನಿವಾರ ತಾನೂ ಬರುತ್ತೇನೆಂದಳು. ಶೀನ ಮರಕಾಲನ ಪ್ರಶ್ನೆಗೆ ತಾನೇ ಉತ್ತರ ಹೇಳುತ್ತೇನೆ, ಇಳಿಸು ಎಂದದ್ದನ್ನೂ ಹೇಳುತ್ತೇನೆ ಎಂದಳು. ಅವನು ತಲೆಯಾಡಿಸಿದ. ಆಮೇಲೆ ಬಹಳ ತಡವರಿಸಿ, ಆರು ತಿಂಗಳಾದ ಮೇಲೆ ತಾನು ಮತ್ತೆ ಹಾರಲು ಬಂದರೆ ಏನು ಮಾಡುತ್ತೀಯ ಎಂದು ಕೇಳಿದ.

"ಹಾರು. ಕೆಳಗೆ ಹೋದ್ರೆ ಮತ್ತೆ ಹೇಳ್ತೀನಿ," ಎಂದಳು. "ಮದುವೆ ಆಗಿದ್ರೂ ಹೇಳ್ತೀನಿ."

ಮದುವೆಯೆಂಬ ಮಾತು ಅವರ ನಡುವೆ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅವನು ಅವಳ ಅಂಗೈಯನ್ನು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡ.

ಅಷ್ಟರಲ್ಲಿ ರನ್‌ವೇಯ ತುದಿಯಲ್ಲಿ ಒಂದು ಇಂಜಿನ್ ಗುಡುಗಿತು. ಧೂಳೆಬ್ಬಿಸುತ್ತ ಓಡಿ ಬಂದ ವಿಮಾನ ಅವರ ಎದುರೇ ನೆಲ ಬಿಟ್ಟು, ಕುಣಿಗಲ್ ಕೆರೆಯ ಕಡೆಗೆ ತಿರುಗಿತು. ಗುರುಪ್ರಕಾಶನ ತಲೆ ತಾನಾಗಿಯೇ ಮೇಲೆದ್ದಿತು. ಅವನ ಮುಖದಲ್ಲಿ ಆ ಹಸಿವು ಇನ್ನೂ ಇತ್ತು. ಸುಮನಾ ಅದನ್ನು ಕಂಡಳು. ಅವಳಿಗೆ ಹೆದರಿಕೆಯಾಯಿತು. ಇವನನ್ನು ಕಟ್ಟಿಕೊಂಡರೆ ಈ ಹೆದರಿಕೆಯನ್ನೂ ಜೊತೆಗೇ ಕಟ್ಟಿಕೊಂಡಂತೆ ಎಂದು ಆಗಲೇ, ಅಲ್ಲೇ ಅವಳಿಗೆ ಖಚಿತವಾಯಿತು.

ಕರೆಯಲಿಲ್ಲ. ಕೈ ಹಿಡಿದು ಎಳೆಯಲಿಲ್ಲ. ಅವನು ತಾನಾಗಿಯೇ ಕಣ್ಣು ಕೆಳಗಿಳಿಸಿ ತನ್ನತ್ತ ತಿರುಗಲೆಂದು ಕಾಯುತ್ತ ಕುಳಿತಳು.

ತುಂಬ ಹೊತ್ತು ಹಿಡಿಯಿತು. ಆದರೂ ತಿರುಗಿದ.