ಸ್ಕ್ಯಾನ್ ಕೋಣೆಯ ಬೀಗ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ದೂರುದಾರ ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ಮೇಲಧಿಕಾರಿಯ ಫೋನು ಬಂದಿತ್ತು. ಹಾಗಾಗಿ ಇನ್ಸ್‌ಪೆಕ್ಟರ್ ಎದ್ದು ನಿಂತೇ ಅವರನ್ನು ಬರಮಾಡಿಕೊಂಡರು. ಬಂದವರು ಸರ್ಕಾರಿ ಆಸ್ಪತ್ರೆಯೊಳಗೆ ಸ್ಕ್ಯಾನಿಂಗ್ ಕೇಂದ್ರ ನಡೆಸುವ ಖಾಸಗಿ ಕಂಪನಿಯ ಮ್ಯಾನೇಜರ್.

"ಯಂತ್ರದೊಳಗಿನ ಒಂದು ಬೋರ್ಡು ಕಳುವಾಗಿದೆ."

"ಎಷ್ಟು ದೊಡ್ಡದು?"

"ಊಟದ ತಟ್ಟೆಯಷ್ಟು."

"ಅದಿಲ್ಲದಿದ್ರೆ?"

"ಯಂತ್ರ ಉಸಿರೇ ಬಿಡಲ್ಲ. ಹೊಸದು ಹೊರದೇಶದಿಂದ ಬರಬೇಕು, ಒಂದು ವಾರ ಹಿಡಿಯುತ್ತೆ. ನಮಗೆ ಬುಧವಾರದೊಳಗೆ ಬೇಕು."

"ಬುಧವಾರವೇ ಯಾಕೆ?"

ಮ್ಯಾನೇಜರ್ ದೂರಿನ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. ಒಂಬತ್ತೂವರೆಗೆಲ್ಲ ಎಫ್‌ಐಆರ್ ದಾಖಲಾಯಿತು. ಪ್ರತಿಗೆ ಮೊಹರು ಒತ್ತುತ್ತಾ ದಫೇದಾರ ಗೊಣಗಿದ: "ನನ್ನ ಹೆಂಡ್ತಿ ಸರ ಹೋದಾಗ ಎಫ್‌ಐಆರ್‌ಗೆ ಮೂರು ವಾರ ಅಲೆದಿದ್ದೆ ಸಾರ್. ಅದೂ ಇದೇ ಠಾಣೇಲಿ."

ಆಸ್ಪತ್ರೆಯ ನೆಲಮಹಡಿಯ ಉದ್ದನೆಯ ಓಣಿಯಲ್ಲಿ ಕೇಂದ್ರದ ಗಾಜಿನ ಬಾಗಿಲಿತ್ತು. ಒಳಗೆ ತಣ್ಣನೆಯ ಗಾಳಿ, ನೀಲಿ ಕುರ್ಚಿಗಳು. ಅದರ ಎದುರಿಗೇ ಇನ್ನೊಂದು ಮರದ ಬಾಗಿಲು; ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ್ದರು. ಮೇಲೆ 'ದುರಸ್ತಿಯಲ್ಲಿದೆ' ಎಂಬ ಫಲಕ. ಎರಡು ಬಾಗಿಲುಗಳ ನಡುವೆ, ಗೋಡೆಗೆ ಒತ್ತಿ ನಿಲ್ಲಿಸಿದ್ದ ಸ್ಟ್ರೆಚರ್ ಮೇಲೆ ಗಾರೆ ಕೆಲಸದವನೊಬ್ಬ ಮಲಗಿದ್ದ. ಕಟ್ಟಡದಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ಖಾಕಿ ಕಂಡೊಡನೆ ಮುಂದೆ ಬಂದಳು.

"ಸಾರ್, ಅದು ಕೆಟ್ಟೋಗಿದೆಯಂತೆ. ಈ ಬಾಗಿಲಾದ್ರೂ ತೆಗೀತಾರಾ?"

"ಕೇಳಿ ಹೇಳ್ತೀನಮ್ಮ," ಎಂದರು ಇನ್ಸ್‌ಪೆಕ್ಟರ್.

ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಬಾಗಿಲು ಮುರಿದಿರಲಿಲ್ಲ. ಯಂತ್ರದ ಹಿಂಬದಿಯ ಮುಚ್ಚಳ ತೆಗೆದವರು ಸ್ಕ್ರೂಗಳನ್ನು ಮತ್ತೆ ಬಿಗಿಮಾಡಿ ಹೋಗಿದ್ದರು. ಗೀರು ಕೂಡ ಬಿದ್ದಿರಲಿಲ್ಲ. ಭಾನುವಾರ ಮಧ್ಯಾಹ್ನದವರೆಗೆ ಕೆಲಸದಲ್ಲಿದ್ದದ್ದು ಕಂಪನಿಯ ಟೆಕ್ನಿಷಿಯನ್ ಹುಡುಗಿ ಒಬ್ಬಳೇ. ಬಾಗಿಲು ಹಾಕಿ ಕೀಲಿಯನ್ನು ಕಾವಲುಗಾರನ ಕೈಗೆ ಕೊಟ್ಟು ಹೋದೆ ಎಂದಳು. ಕಾವಲುಗಾರ ಕೀಲಿಯನ್ನು ಮೊಳೆಗೆ ನೇತುಹಾಕಿ ಊಟಕ್ಕೆ ಹೋಗಿದ್ದ. ಆ ಹೊತ್ತಿನಲ್ಲಿ ಓಣಿಯಲ್ಲಿ ಫಿಲಂ ಮಾಮನನ್ನು ಕಂಡೆ ಎಂದ.

"ಯಾರಪ್ಪಾ ಈ ಫಿಲಂ ಮಾಮ?"

ಉತ್ತರ ಕೊಟ್ಟವರು ಆಸ್ಪತ್ರೆಯ ಮುಖ್ಯ ವೈದ್ಯರು. ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿಕೊಂಡರು.

"ಎದುರು ಕೋಣೇಲಿ ಸರ್ಕಾರದ್ದೇ ಸ್ಕ್ಯಾನಿಂಗ್ ಯಂತ್ರ ಇದೆ. ಅದನ್ನ ನಡೆಸ್ತಿದ್ದವನು ಅವನು, ರೋಗಿಗಳ ಕೈಗೆ ಸ್ಕ್ಯಾನ್ ಫಿಲಂ ಕೊಡ್ತಿದ್ದದ್ದಕ್ಕೆ ಆ ಹೆಸರು. ಈಗ ಚೀಟಿ ಕೌಂಟರಲ್ಲಿ ಕೂತಿದ್ದಾನೆ."

"ಅದು ದುರಸ್ತೀಲಿ ಇದೆಯಲ್ಲ?"

"ಏನೂ ಕೆಟ್ಟಿಲ್ಲ," ವೈದ್ಯರು ಕನ್ನಡಕ ತೆಗೆದು ಒರೆಸತೊಡಗಿದರು. "ಕಂಪನಿ ಬಂದಾಗ ಒಪ್ಪಂದ ಆಯ್ತು. ಅವರ ಯಂತ್ರ ನಡೀತಿರೋವಾಗ ನಮ್ಮದು ನಡೀಬಾರದು. ಬಡವರಿಗೆ ಅವರೂ ಉಚಿತವಾಗೇ ಮಾಡ್ತಾರೆ, ಆದ್ರೆ ರಾಜಧಾನಿಯ ಅವರ ಕಚೇರಿಯಿಂದ ಅನುಮತಿ ಬರಬೇಕು. ಎರಡು ದಿನ ಆಗಬಹುದು, ನಾಲ್ಕೂ ಆಗಬಹುದು."

"ಅವರ ಯಂತ್ರ ಕೆಟ್ಟರೆ?"

"ಮೂರು ದಿನ ಪೂರ್ತಿ ನಿಂತರೆ ನಮ್ಮ ಬಾಗಿಲು ತೆಗೀಬಹುದು. ಒಂದು ಸಲ ತೆಗೆದರೆ ಒಪ್ಪಂದದ ಮುಂದಿನ ಪರಿಶೀಲನೆವರೆಗೆ ಮುಚ್ಚೋ ಹಾಗಿಲ್ಲ."

"ಹಿಂದೆ ಯಾವತ್ತಾದ್ರೂ ತೆಗೆದಿದ್ದೀರಾ?"

"ಅವರ ಯಂತ್ರ ಎರಡೂವರೆ ದಿನಕ್ಕಿಂತ ಹೆಚ್ಚು ಯಾವತ್ತೂ ಕೆಟ್ಟಿಲ್ಲ."

ಮ್ಯಾನೇಜರಿಗೆ ಬುಧವಾರವೇ ಯಾಕೆ ಬೇಕು ಎಂಬುದು ಆಗ ತಿಳಿಯಿತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೇಂದ್ರ ತೆರೆದಾಗ ನಿಂತಿದೆ ಎಂದು ದಾಖಲಾದ ಯಂತ್ರಕ್ಕೆ ಗುರುವಾರ ಬೆಳಿಗ್ಗೆ ಎಂಟಕ್ಕೆ ಮೂರು ದಿನ ತುಂಬುತ್ತಿತ್ತು.

ಮಂಗಳವಾರ ಫಿಲಂ ಮಾಮನನ್ನು ಠಾಣೆಗೆ ಕರೆಸಿದರು. ನಿವೃತ್ತಿಗೆ ಹತ್ತಿರವಾಗಿದ್ದ, ತಲೆ ನೀಟಾಗಿ ಬಾಚಿಕೊಂಡಿದ್ದ ಮನುಷ್ಯ.

"ಭಾನುವಾರ ಓಣೀಲಿ ಏನು ಮಾಡ್ತಿದ್ರಿ?"

"ಸುಮ್ನೆ ಬಂದಿದ್ದೆ ಸಾರ್. ನನ್ನ ಕೋಣೆ ನೋಡ್ಕೊಂಡು ಹೋಗೋದು ಅಭ್ಯಾಸ."

"ಬೀಗ ಹಾಕಿರೋ ಕೋಣೇಲಿ ನೋಡೋದಕ್ಕೆ ಏನಿದೆ?"

ಅವನು ಬಾಚಿದ ತಲೆಯನ್ನೇ ಮತ್ತೆ ಸವರಿಕೊಂಡ. ಮಧ್ಯಾಹ್ನ ಮೇಲಧಿಕಾರಿಯ ಫೋನು ಮತ್ತೆ ಬಂತು: "ಇನ್ನೇನು ಕಾಯ್ತಿದ್ದೀರಿ? ಅವನನ್ನೇ ಒಳಗೆ ಹಾಕಿ, ಬಾಯಿ ಬಿಡ್ತಾನೆ." ದಫೇದಾರ ಕಳಿಸಿದ ಇಬ್ಬರು ಪೇದೆಗಳು ಅವನ ಮನೆಯನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದರು.

ಸಂಜೆ ಫಿಲಂ ಮಾಮನೇ ಬಾಯಿಬಿಟ್ಟ. "ನಾನೇ ತೆಗೆದೆ ಅಂತ ಬರ್ಕೊಳ್ಳಿ ಸಾರ್."

"ಬೋರ್ಡು ಎಲ್ಲಿದೆ?"

"ಕೆರೆಗೆ ಎಸೆದೆ."

"ಯಾವ ಕಡೆಯಿಂದ?"

ಅವನು ಯೋಚಿಸಿದ. "ಗುರುವಾರ ಬೆಳಿಗ್ಗೆ ಬಂದು ತೋರಿಸ್ತೀನಿ."

ಇನ್ಸ್‌ಪೆಕ್ಟರಿಗೆ ನಗು ಬಂತು, ನಗಲಾಗಲಿಲ್ಲ. "ಯಾರನ್ನ ಉಳಿಸೋಕೆ ಹೊರಟಿದ್ದೀರಿ ಮಾಮ?"

"ಬರ್ಕೊಳ್ಳಿ ಸಾರ್," ಎಂದ ಅವನು ಮತ್ತೆ.

ಅವತ್ತೇ ರಾಜಧಾನಿಯಿಂದ ಬಂದ ಕಂಪನಿಯ ಎಂಜಿನಿಯರ್ ಯಂತ್ರ ಪರೀಕ್ಷಿಸಿ ಹೇಳಿಕೆ ಕೊಟ್ಟ. ಬೋರ್ಡು ತೆಗೆಯುವ ಮೊದಲು ಯಾರೋ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿದ್ದರು. ಅದಕ್ಕೆ ಪಾಸ್‌ವರ್ಡ್ ಬೇಕು. ಅದು ಗೊತ್ತಿದ್ದದ್ದು ಇಬ್ಬರಿಗೆ: ಅವನಿಗೆ, ಟೆಕ್ನಿಷಿಯನ್ ಹುಡುಗಿಗೆ. ಇಷ್ಟನ್ನೂ ಅವನು ಮೊದಲು ಮ್ಯಾನೇಜರಿಗೆ ಹೇಳಿ, ಆಮೇಲೆ ಪೊಲೀಸರಿಗೆ ಹೇಳಿದ್ದ. ಇನ್ಸ್‌ಪೆಕ್ಟರಿಗೆ ತಡಮಾಡುವ ದಾರಿಯೇ ಉಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಏಳಕ್ಕೆ ಮಹಿಳಾ ಪೇದೆಯೊಂದಿಗೆ ಹುಡುಗಿಯ ಬಾಡಿಗೆ ಮನೆಯ ಬಾಗಿಲು ತಟ್ಟಿದರು. ತೆಗೆದವಳು ಅಕ್ಕ, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. "ಅವಳು ಯಾರ ಮನೇದೂ ಒಂದು ಚಮಚ ಮುಟ್ಟಿದವಳಲ್ಲ ಸಾರ್," ಎನ್ನುವಷ್ಟರಲ್ಲಿ ತಂಗಿಯೇ ಒಳಗಿನಿಂದ ಬಂದಳು.

"ಬಿಡಕ್ಕ. ಬೀರು ತೆಗಿ."

ಕೆಳಗಿನ ಖಾನೆಯಲ್ಲಿ, ಉಣ್ಣೆಯ ಶಾಲಿನಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಕಿ, ಬೋರ್ಡನ್ನು ಮಲಗಿಸಿಟ್ಟಿದ್ದಳು.

"ಇಷ್ಟು ಜೋಪಾನ ಯಾಕೆ?"

"ನಾಳೆ ವಾಪಸು ಹಾಕಬೇಕಿತ್ತು ಸಾರ್. ಯಂತ್ರದ ತಪ್ಪೇನಿದೆ?"

ಅಕ್ಕ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಗೋಡೆಗೆ ಒರಗಿದಳು. ಎಂಟೂಕಾಲಿಗೆ ಜಪ್ತಿ ಪಂಚನಾಮೆ ಮುಗಿಯಿತು; ಠಾಣೆಯಲ್ಲಿ ಹೇಳಿಕೆ ಬರೆದುಕೊಂಡು ಹನ್ನೊಂದಕ್ಕೆ ಹುಡುಗಿಯನ್ನು ಬಂಧಿಸಲಾಯಿತು. ಫಿಲಂ ಮಾಮನನ್ನು ಮನೆಗೆ ಕಳಿಸಿದರು. ಭಾನುವಾರ ಓಣಿಯಲ್ಲಿ ಅವಳ ಕೈಯ ಚೀಲವನ್ನು ಕಂಡಿದ್ದ ಅವನು ಹೋಗುವಾಗ ಲಾಕಪ್ಪಿನ ಕಡೆ ತಿರುಗಿ, "ಊಟ ಮಾಡು ಮಗಳೇ," ಎಂದಷ್ಟೇ ಹೇಳಿದ.

ಬೋರ್ಡು ಕೊಡಿ ಎಂದು ಮ್ಯಾನೇಜರ್ ಠಾಣೆಗೇ ಬಂದರು.

"ಹಾಗೆ ಕೊಡೋಕಾಗಲ್ಲ," ಎಂದರು ಇನ್ಸ್‌ಪೆಕ್ಟರ್. "ಜಪ್ತಿ ಮಾಲು. ಕೋರ್ಟಿಗೆ ಒಪ್ಪಿಸಬೇಕು, ನೀವು ಅರ್ಜಿ ಹಾಕಬೇಕು, ಕೋರ್ಟು ಬಿಡುಗಡೆ ಮಾಡಬೇಕು."

ಠಾಣೆಯ ಹಿತ್ತಲಲ್ಲಿ ಬಿಡುಗಡೆಯ ಆದೇಶಕ್ಕೆ ಕಾಯುತ್ತಾ ಇಪ್ಪತ್ತಕ್ಕೂ ಹೆಚ್ಚು ಬೈಕುಗಳು ತುಕ್ಕು ಹಿಡಿದು ನಿಂತಿದ್ದವು. ಒಂದರ ಸೀಟಿನೊಳಗೆ ಬೆಕ್ಕು ಮರಿ ಹಾಕಿತ್ತು. ಇನ್ಸ್‌ಪೆಕ್ಟರ್ ಕಿಟಕಿಯಿಂದ ಅತ್ತ ನೋಡಿದರು. ಮೂರು ದಿನಗಳಲ್ಲಿ ಮೊದಲ ಸಲ ಅವರ ಎದೆ ಹಗುರಾಯಿತು. ನಿಯಮದ ಪ್ರಕಾರವೇ ನಡೆದರೆ ಸಾಕು, ನಾಳೆ ಎಂಟು ಗಂಟೆ ತಾನಾಗಿ ದಾಟುತ್ತಿತ್ತು.

ದಫೇದಾರನಿಗೂ ಅರ್ಥವಾಗಿತ್ತು. "ಮಾಲು ಪಟ್ಟಿ ದುಂಡಗೆ ಬರೀತೀನಿ ಸಾರ್, ನನ್ನ ಕೈ ಸ್ವಲ್ಪ ನಿಧಾನ," ಎಂದ.

ಮಧ್ಯಾಹ್ನ ಎರಡಕ್ಕೆ ಕಂಪನಿಯ ವಕೀಲರು ಅರ್ಜಿ ಸಲ್ಲಿಸಿದರು. ಅದರ ಜೊತೆಗೇ ಆರೋಗ್ಯ ಇಲಾಖೆಯ ಪತ್ರವೂ ಇತ್ತು: ಸಾರ್ವಜನಿಕರ ಜೀವರಕ್ಷಣೆಗೆ ಈ ಬೋರ್ಡು ತುರ್ತಾಗಿ ಬೇಕಾಗಿದೆ. ಸರ್ಕಾರಿ ವಕೀಲರು ಆಕ್ಷೇಪಣೆ ಇಲ್ಲ ಎಂದರು. ನ್ಯಾಯಾಧೀಶರು ಇನ್ಸ್‌ಪೆಕ್ಟರನ್ನು ಕೇಳಿದರು: "ತನಿಖೆಗೆ ತೊಂದರೆ ಆಗುತ್ತಾ?"

"ಎದುರಿಗೇ ಇನ್ನೊಂದು ಯಂತ್ರ ಇದೆ ಸ್ವಾಮಿ," ಎಂದರು ಇನ್ಸ್‌ಪೆಕ್ಟರ್. "ಸರ್ಕಾರದ್ದು. ಚೆನ್ನಾಗೇ ಇದೆ."

"ಅದು ನನ್ನ ಮುಂದಿಲ್ಲ. ಕೇಳಿದ್ದಕ್ಕೆ ಹೇಳಿ."

"ತೊಂದರೆ ಆಗಲ್ಲ."

ನಾಲ್ಕಕ್ಕೆ ಆದೇಶ ಕೈಗೆ ಬಂತು. ಆರೂವರೆಗೆ ಯಂತ್ರ ಶುರುವಾಯಿತು. ಓಣಿಯಲ್ಲಿ ಗಾರೆಯವನ ಹೆಂಡತಿ ಇನ್ಸ್‌ಪೆಕ್ಟರಿಗೆ ಕೈಮುಗಿದಳು. "ನಿಮ್ಮಿಂದ ಸರಿಹೋಯ್ತಂತೆ ಸಾರ್. ಇನ್ನು ಅನುಮತಿ ಬರೋದೊಂದೇ ಬಾಕಿ." ಅವರು ಆ ಕೈಗಳನ್ನು ನೋಡಲಾರದೆ ಬೇಗ ಬೇಗ ಹೊರಗೆ ನಡೆದರು.

ಗುರುವಾರ ಬೆಳಿಗ್ಗೆ ಕೋರ್ಟು ಹುಡುಗಿಯನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿತು. ಜೀಪಿನಲ್ಲಿ ಮಹಿಳಾ ಪೇದೆಯ ಪಕ್ಕ ಕೂತಿದ್ದವಳು ಕೇಳಿದಳು.

"ಬಾಗಿಲು ತೆಗೆದ್ರಾ ಸಾರ್?"

"ಇಲ್ಲಮ್ಮ."

ಅವಳು ಅಳಲಿಲ್ಲ. ಇನ್ಸ್‌ಪೆಕ್ಟರ್ ಮುಂದಿನ ಸೀಟಿನಿಂದ ತಿರುಗಿ, ಹೇಳಿಕೆಗೆ ಅಗತ್ಯವಿಲ್ಲದ ಪ್ರಶ್ನೆಯನ್ನು ಕೇಳಿದರು. "ಇಷ್ಟು ವರ್ಷ ಅಲ್ಲೇ ಕೆಲಸ ಮಾಡಿದ್ದೀಯ. ಈಗೇನಾಯ್ತು?"

"ಹೋದ ತಿಂಗಳು ಒಂದು ಮಗು ಬಂದಿತ್ತು ಸಾರ್. ಮೆಟ್ಟಿಲಿಂದ ಬಿದ್ದಿತ್ತು. ಅಪ್ಪ ಅರ್ಜಿ ಹಾಕಿದ್ದ, ಅನುಮತಿ ಬಂದಿರಲಿಲ್ಲ. ಅನುಮತಿ ನಂಬರ್ ಹಾಕದೆ ನಮ್ಮ ಯಂತ್ರ ಚಿತ್ರ ತೆಗಿಯೋದೇ ಇಲ್ಲ. ಹೊರಗೆ ಸೆಖೆ ಅಂತ ಅದನ್ನ ಒಳಗೇ ಕೂರಿಸ್ಕೊಂಡಿದ್ದೆ. ಮಾತಾಡ್ತಾ ಇತ್ತು, ಚೂಟಿ. ಸಂಜೆ ಹೊತ್ತಿಗೆ ನಿದ್ದೆ ಬರುತ್ತೆ ಅಂತು. ಮತ್ತೆ ಏಳಲೇ ಇಲ್ಲ."

ಜೀಪು ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಹೊರಟಿತು.

"ಅದಕ್ಕೆ ಮುಂಚೆ ಯಂತ್ರದ ದೀಪ ತೋರಿಸಿ ಕೇಳ್ತು. ಆಂಟಿ, ಇದು ಆನ್ ಇದೆಯಾ ಅಂತ. ಹೌದು ಅಂದೆ."

ಜೈಲಿನ ಗೇಟು ಬಂದಾಗ ಮಹಿಳಾ ಪೇದೆ ಮೊದಲು ಇಳಿದಳು, ಆಮೇಲೆ ಕೈಕೊಟ್ಟು ಅವಳನ್ನು ಇಳಿಸಿಕೊಂಡಳು.